ಜಯಂತಿಯನ್ನು ನೂಕಲು ಬಂದವನು

ಕೊರೊನಾ ಕಳೆದ ಮರುವರ್ಷ. ನಾನು ಸುಳ್ಯದಲ್ಲಿ ಕರಾಟೆ ಶಿಕ್ಷಕನಾಗಿದ್ದೆ. ಒಂದು ಸಂಜೆ ಜಯಂತಿ ಎಂಬ ನರ್ಸ್ ತರಗತಿಗೆ ಬಂದಳು. ಕೊರೊನಾ ಕಾಲದಲ್ಲಿ, ತನ್ನ ತಂದೆ ಅವಳ ವಾರ್ಡಿನಲ್ಲಿ ತೀರಿಕೊಂಡ ಸಿಟ್ಟಿಗೆ ಒಬ್ಬ ಗುತ್ತಿಗೆದಾರ ಅವಳ ಬಲಗೈ ತಿರುಚಿ ಮಣಿಕಟ್ಟು ಮುರಿದಿದ್ದ. ಕಂಡವರಿದ್ದರು, ಸಾಕ್ಷಿ ಹೇಳುವವರಿರಲಿಲ್ಲ. ದೂರು ಅಲ್ಲಿಗೇ ನಿಂತಿತು.

“ಅವನನ್ನು ಜನರ ಎದುರು ಬೀಳಿಸ್ಲಿಕ್ಕುಂಟು ಸರ್. ಹೊಡೆಯುದು ಯಾವಾಗ ಕಲಿಸ್ತೀರಿ?”

“ಮೊದಲು ನಿಲ್ಲುದು ಕಲಿ ಮಾರಾಯ್ತಿ,” ಎಂದೆ.

ಹಳೆಯ ಜಪಾನಿ ಪದ್ಧತಿಯಲ್ಲಿ ಒಳಗಿನ ಬಲವನ್ನು ಹಂತಹಂತವಾಗಿ ಕಲಿಸುತ್ತಾರೆ. ನಾವು ಅದಕ್ಕೆ ಸಾಂಚಿನ್ ಎಂಬ ಕಟಾ, ಅಂದರೆ ನಿಗದಿತ ಚಲನೆಗಳ ಅಭ್ಯಾಸ, ಮಾಡಿಸುತ್ತೇವೆ. ಮೊದಲು ಪಾದ, ಬೆನ್ನು ಸರಿಯಾಗಬೇಕು. ಆಮೇಲೆ ಉಸಿರು ಹೊಕ್ಕುಳಿನ ಕೆಳಗೆ ಇಳಿಯಬೇಕು. ಮೂರನೆಯ ಹಂತದಲ್ಲಿ ಶಿಕ್ಷಕ ನೂಕುತ್ತಾನೆ. ಆ ಭಾರವನ್ನು ತಡೆಯದೆ ಕಾಲಿನ ಮೂಲಕ ನೆಲಕ್ಕೆ ಬಿಡಬೇಕು. ಕೊನೆಯದು, ನೂಕುವವನಿಗೆ ಸಿಗುತ್ತಿದ್ದ ಆಸರೆಯನ್ನೇ ತಟ್ಟನೆ ತೆಗೆಯುವುದು.

ಜಯಂತಿ ಮೂರನೆಯ ಹಂತದಲ್ಲಿ ಬಹಳ ಕಾಲ ಸಿಕ್ಕಿಬಿದ್ದಳು. ನಾನು ಕೈಯಿಟ್ಟ ಕೂಡಲೇ ಹೆಗಲು ಮೇಲೇರುತ್ತಿತ್ತು.

“ಅವನನ್ನು ಬಿಟ್ಟುಬಿಡು, ಹೆಗಲು ತಾನಾಗಿ ಇಳೀತದೆ.”

“ಹೆಗಲು ಇಳಿಸ್ತೇನೆ ಸರ್. ಅವನನ್ನು ಬಿಡುದಿಲ್ಲ.”

ಇಳಿಸಿದಳು ಕೂಡ. ಕೊನೆಯ ಹಂತವನ್ನು ಹಿಂದೆಮುಂದೆ ನೋಡಿಯೇ ಕಲಿಸಿದೆ.

ನಮ್ಮ ವಾರ್ಷಿಕ ಪ್ರದರ್ಶನಕ್ಕೆ ಸಂಘಟಕರು ಒಬ್ಬ ಅತಿಥಿಯನ್ನು ಕರೆತಂದರು. ಜಯಂತಿ ನನ್ನ ಬಳಿ ಬಂದು, “ಅವನೇ ಸರ್,” ಎಂದಳು. ಅವಳನ್ನು ಮನೆಗೆ ಕಳಿಸಬಹುದಿತ್ತು. ಕಳಿಸಲಿಲ್ಲ.

ಸಾಂಚಿನ್ ಮುಗಿಸಿದ ಅವಳು ಅತಿಥಿಯತ್ತ ತಿರುಗಿ, ಕೈಗಳನ್ನು ಮುಂದಿಟ್ಟು ನಿಂತಳು. “ಬನ್ನಿ ಸರ್, ಒಮ್ಮೆ ನೂಕಿ ನೋಡಿ.”

ಗುತ್ತಿಗೆದಾರ ನಗುತ್ತಾ ಬಂದು ಅವಳ ಮುಂಗೈ ಹಿಡಿದು ನೂಕಿದ. ಅವಳು ಕದಲಲಿಲ್ಲ. ಸಭೆಯಲ್ಲಿ ಯಾರೋ ನಕ್ಕರು. ಅವನು ಮೈಭಾರವನ್ನೆಲ್ಲ ಹಾಕಿದ. ಆಗ ಅವಳು ಮುಂದಿನ ಸಾಲಿಗೂ ಕೇಳುವಂತೆ ಹೇಳಿದಳು: “ವಾರ್ಡಿನಲ್ಲಿ ನೀವು ಮುರಿದದ್ದು ಇದೇ ಕೈ.”

ಅಂದು ಮಾಸ್ಕ್ ಹಾಕಿದ್ದವಳ ಗುರುತು ಅವನಿಗೆ ಈಗ ಸಿಕ್ಕಿತು. ಅದೇ ಗಳಿಗೆ ಅವಳು ಸೊಂಟ ತುಸು ತಿರುಗಿಸಿದಳು. ಅವನು ಮುಗ್ಗರಿಸಿ ಎಲ್ಲರ ಎದುರು ಮೊಣಕಾಲೂರಿ ಬಿದ್ದ. ಎತ್ತಲು ಯಾರೂ ಬರಲಿಲ್ಲ. ಜಯಂತಿ ಪದ್ಧತಿಯಂತೆ ಬಾಗಿ ವಂದಿಸಿ ಹಿಂದೆ ಸರಿದಳು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

“ಈಗ ಸಿಟ್ಟು ಹೋಯ್ತಾ?” ಎಂದು ಆಮೇಲೆ ಕೇಳಿದೆ.

“ಇಲ್ಲ ಸರ್, ಉಂಟು. ನಾಳೆ ಕ್ಲಾಸ್ ಉಂಟಲ್ಲ?”

ಅಭ್ಯಾಸದಿಂದ ಸಿಟ್ಟು ಕರಗುತ್ತದೆ ಎಂದು ಶಿಷ್ಯರಿಗೆ ವರ್ಷಗಟ್ಟಲೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಸಿಟ್ಟು ಅವರವರದು. ಅದನ್ನು ಹೊತ್ತುಕೊಂಡೇ ಹೇಗೆ ನಿಲ್ಲಬೇಕೆಂದು ಕಲಿಸುವುದಷ್ಟೇ ನನ್ನ ಕೆಲಸ.