ನಾಲ್ಕು ಸೀಮೆಯ ವಿಸ್ಕಿ, ಒಂದು ಹರವಿ ನೀರು

೧೯೭೪ರಲ್ಲಿ ನಾನು ಹಾನಗಲ್ಲಿನ ಪ್ರವಾಸಿ ಬಂಗಲೆಯಲ್ಲಿ ಖಾನಸಾಮ ಆಗಿದ್ದೆ. ಖಾನಸಾಮ ಅಂದರೆ ಅಡುಗೆಯವನೂ ಅವನೇ, ಬೀಗದ ಕೈ ಇಟ್ಟುಕೊಂಡವನೂ ಅವನೇ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಹಿರೇಕೆರೂರಿನ ಖಾನಾವಳಿಯಲ್ಲಿ ಪಾತ್ರೆ ತಿಕ್ಕಿ, ಸವಣೂರಿನ ಒಬ್ಬ ಉಸ್ತಾದರ ಕೈಕೆಳಗೆ ಮಸಾಲೆ ಅರೆದು ಈ ಕೆಲಸದವರೆಗೆ ಬಂದಿದ್ದೆ. ನನ್ನ ನೌಕರಿಯಲ್ಲಿ ಒಬ್ಬ ಸಾಹೇಬರೂ ತಾಟಿನಲ್ಲಿ ಅನ್ನ ಬಿಟ್ಟು ಎದ್ದವರಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕುಡಿತ ಮಾತ್ರ ನನಗಿಲ್ಲ. ಮದುವೆಯಾದ ಹೊಸದರಲ್ಲೇ ಹೆಂಡತಿ ನಿಂಗವ್ವ ಆಣೆ ಮಾಡಿಸಿಕೊಂಡಿದ್ದಳು. ಆದರೂ ವಿಸ್ಕಿಯ ವಾಸನೆ ಹಿಡಿಯುವುದರಲ್ಲಿ ನನ್ನ ಮೂಗು ಪಕ್ಕಾ. ಕಲಿಸಿದವರು ಇಂಜಿನಿಯರ್ ದೇಸಾಯಿ ಸಾಹೇಬರು. ಸೇತುವೆ ಕೆಲಸಕ್ಕೆಂದು ಬಂದು ಮೂರು ತಿಂಗಳು ನಮ್ಮ ಬಂಗಲೆಯಲ್ಲಿದ್ದರು. ಮೊದಲು ಗ್ಲಾಸಿಗೆ ಮೂಗು ಒಡ್ಡಬೇಕು, ಆಮೇಲೆ ಒಂದು ಚಮಚ ನೀರು ಹಾಕಬೇಕು, ನೀರು ಬಿದ್ದರೆ ಒಳಗೆ ಮುಚ್ಚಿಕೊಂಡ ವಾಸನೆ ಬಿಚ್ಚಿಕೊಳ್ಳುತ್ತದೆ ಎನ್ನುತ್ತಿದ್ದರು.

ಆ ಮೂರು ತಿಂಗಳಲ್ಲಿ ಎಂಟು ದಿನ ಅವರ ಅಣ್ಣ ಪುಣೆಯಿಂದ ಬಂದಿದ್ದರು. ಯಾರೋ ಕೊಟ್ಟಿದ್ದ ಒಂದು ವಿದೇಶಿ ಬಾಟಲಿ ತಂದಿದ್ದರು, ಅದರ ಚೀಟಿ ಕಿತ್ತು ಹೋಗಿತ್ತು. ಸಂಜೆ ವರಾಂಡದಲ್ಲಿ ಅಣ್ಣತಮ್ಮಂದಿರು ಕುಳಿತರು. ನಾನು ನೀರಿಟ್ಟೆ. ಅಣ್ಣ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

“ತಮ್ಮಾ, ಇದರಾಗ ಅವ್ವನ ಒಲಿ ವಾಸನಿ ಐತಲ್ಲೋ.”

ದೇಸಾಯಿ ಸಾಹೇಬರು ಕುಡಿದು ನೋಡಿ ನನ್ನ ಕಡೆ ತಿರುಗಿದರು. “ಏನರ ಬೆರೆಸೀಯೇನೋ ಫಕ್ಕೀರಪ್ಪ?”

“ಏನಿಲ್ರಿ ಸಾಹೇಬ್ರ. ಕೈಗುಣರಿ,” ಅಂದೆ.

ಇಬ್ಬರೂ ನಕ್ಕರು. ಹೋಗುವಾಗ ಸಾಹೇಬರು ಬಂಗಲೆಯ ಅಭಿಪ್ರಾಯದ ಪುಸ್ತಕದಲ್ಲಿ, ‘ಫಕ್ಕೀರಪ್ಪನ ಕೈಗುಣ ಬೇರೆಲ್ಲೂ ಸಿಗದು’ ಎಂದು ಬರೆದು ಸಹಿ ಹಾಕಿದರು. ಮುಂದೆ ಬಂದ ಎಷ್ಟೋ ಅಧಿಕಾರಿಗಳಿಗೆ ನಾನು ಆ ಪುಟ ತೆರೆದು ತೋರಿಸಿದ್ದೇನೆ.

೧೯೮೬ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಅವರು ಮತ್ತೆ ಬಂದರು. ನಿವೃತ್ತರಾಗಿದ್ದರು. ಅಂಗಿಯೊಳಗೆ ಮನುಷ್ಯ ಅರ್ಧವಾಗಿದ್ದರು. ಡ್ರೈವರ್ ಒಂದು ಮರದ ಪೆಟ್ಟಿಗೆ ಇಳಿಸಿದ. ಒಳಗೆ ನಾಲ್ಕು ಬಾಟಲಿ.

“ಅಣ್ಣ ಇಲ್ಲಿಂದ ಹೋಗಿ ಎರಡು ತಿಂಗಳಿಗೆ ತೀರ್ಕೊಂಡ. ನಾವಿಬ್ಬರೂ ಕೂಡಿ ಕುಂತದ್ದು ಇಲ್ಲೇ ಕಡೀಕ,” ಅಂದರು. “ಅವತ್ತಿನ ವಿಸ್ಕಿ ಯಾವುದು ಅಂತ ಹನ್ನೆರಡು ವರ್ಷ ಹುಡುಕಾಕತ್ತೇನಿ. ಮುಂದಿನ ತಿಂಗಳು ನನಗ ಆಪರೇಷನ್ ಐತಿ. ಅದಾದ ಮ್ಯಾಲ ಒಂದು ಹನಿನೂ ಮುಟ್ಟಬಾರದಂತ. ಹಡಗಿನ ಮ್ಯಾಲ ಕೆಲಸ ಮಾಡೋ ನಮ್ಮ ಅಕ್ಕನ ಮಗ ಸ್ಕಾಟ್ಲೆಂಡಿನ ನಾಲ್ಕು ಸೀಮಿದು ತಂದುಕೊಟ್ಟಾನ. ಇದರಾಗ ಒಂದು ಅದೇ ಇರಬೇಕು. ನನ್ನ ಬಿಟ್ರ ಅವತ್ತು ಇದ್ದ ಮೂಗು ಇನ್ನ ನಿಂದೊಂದೇ ಉಳಿದೈತಿ.”

ಮಧ್ಯಾಹ್ನ ನಾಲ್ಕು ಗಂಟೆಗೆ ಮೇಜಿನ ಮೇಲೆ ನಾಲ್ಕು ಗ್ಲಾಸು ಸಾಲಾಗಿ ಇಟ್ಟೆ. ಅವರು ಒಂದೊಂದು ಗುಟುಕು ಕುಡಿದರು, ನಾನು ವಾಸನೆ ಹಿಡಿದೆ. ಮೊದಲನೆಯದು ಲೋಲ್ಯಾಂಡ್, ಅಂದರೆ ಅಲ್ಲಿನ ತಗ್ಗು ನಾಡಿನದು.

“ಒಣಹುಲ್ಲಿನ ಬಣವಿ ವಾಸನಿರಿ. ಭಾಳ ಸಾಧು.”

ಎರಡನೆಯದು ಸ್ಪೇಸೈಡ್ ಎಂಬ ನದಿ ಬಯಲಿನದು. “ಪೇರಲಹಣ್ಣರಿ. ಹಣ್ಣಾಗಿ ಎರಡು ದಿನ ಆಗೈತಿ.”

ಮೂರನೆಯದು ಹೈಲ್ಯಾಂಡ್, ಬೆಟ್ಟದ ಸೀಮೆಯದು. “ಜೇನುರಿ. ಹಿಂದಿಂದ ಹುರಿದ ಎಳ್ಳು ಬರತೈತಿ.”

ನಾಲ್ಕನೆಯದು ಐಲಾ ಎಂಬ ದ್ವೀಪದ್ದು. ಅಲ್ಲಿನ ಜೌಗು ನೆಲದ ಕಪ್ಪು ಮಣ್ಣನ್ನು ಕಡಿದು ಒಣಗಿಸಿ ಕುಳ್ಳಿನ ಹಾಗೆ ಸುಡುತ್ತಾರಂತೆ. ಅದಕ್ಕೆ ಪೀಟ್ ಅನ್ನುತ್ತಾರೆ. ಅದರ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ ವಿಸ್ಕಿ ಮಾಡುತ್ತಾರೆ. ನಾನು ಮೂಗು ಒಡ್ಡಿ ಹಿಂದಕ್ಕೆ ಸರಿದೆ.

“ದವಾಖಾನಿಗೆ ಬೆಂಕಿ ಬಿದ್ದಂಗ ಐತ್ರಿ.”

ಸಾಹೇಬರು ಕೆಮ್ಮು ಬರುವಷ್ಟು ನಕ್ಕರು. ಸ್ಟೀಲ್ ಫಿಲ್ಟರಿನ ನೀರು ಒಂದು ಚಮಚ ಹಾಕಿ ಆ ಗ್ಲಾಸನ್ನು ಮತ್ತೆ ತುಟಿಗೆ ಹಚ್ಚಿದರು. ನಗು ಇಳಿಯಿತು.

“ಹೊಗಿ ಏನೋ ಐತಿ. ಆದ್ರ ಈ ಹೊಗಿ ಬೈತೈತಿ, ಫಕ್ಕೀರಪ್ಪ. ಅದು ಕರೀತಿತ್ತು.”

ನಾಲ್ಕರಲ್ಲಿ ಯಾವುದೂ ಅಲ್ಲ. ಅವರು ಗ್ಲಾಸುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದರು. ಆಮೇಲೆ, ನನಗಲ್ಲ ಎನ್ನುವ ಹಾಗೆ, “ಆವಾಗ ನೀರು ಎಷ್ಟು ತಂಪಿರತಿತ್ತು,” ಅಂದರು.

ನಾನು ಫಿಲ್ಟರಿನ ಕಡೆ ತಿರುಗಿ ನೋಡಿದೆ. ಆಗ ಬಂಗಲೆಯಲ್ಲಿ ಫಿಲ್ಟರ್ ಇರಲಿಲ್ಲ. ನಮ್ಮ ಕ್ವಾರ್ಟರ್ಸಿನ ಮಣ್ಣಿನ ಹರವಿಯಿಂದ ನೀರು ತರುತ್ತಿದ್ದೆ. ನಿಂಗವ್ವ ವಾರಕ್ಕೊಮ್ಮೆ ಹರವಿ ತೊಳೆದು, ಕೆಂಡದ ಮೇಲೆ ಬೋರಲು ಹಾಕಿ ಹೊಗೆ ಹಿಡಿಸುತ್ತಿದ್ದಳು. ನೀರಲ್ಲಿ ಹುಳ ಆಗಬಾರದೆಂದು ಅವಳ ತವರಿನವರು ಮಾಡುವ ಪದ್ಧತಿ ಅದು. ಅಣ್ಣ ಕುಡಿದ ದಿನ ಹರವಿಗೆ ಆಗಷ್ಟೇ ಹೊಗೆ ಬಿದ್ದಿರಬೇಕು. ವಿಸ್ಕಿಗೆ ಆ ವಾಸನೆ ಬಂದದ್ದು ಯಾವ ಸೀಮೆಯಿಂದಲೂ ಅಲ್ಲ, ಆ ಒಂದು ಚಮಚ ನೀರಿನಿಂದ. ನಿಂಗವ್ವ ೧೯೮೧ರಲ್ಲಿ ಹೋದಳು. ಆಮೇಲೆ ಹರವಿಯಲ್ಲಿ ನಾನು ಅವರೆ ಬೀಜ ತುಂಬಿಟ್ಟಿದ್ದೆ.

ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. “ಎರಡು ದಿನ ಕೊಡ್ರಿ ಸಾಹೇಬ್ರ,” ಅಂದೆ ಅಷ್ಟೇ.

ಹೊಗೆ ಹೇಗೆ ಹಾಕುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಕೂಡಿ ಬಾಳಿ ಒಂದು ದಿನವೂ ನಿಂತು ನೋಡಿರಲಿಲ್ಲ. ಮರುದಿನ ಮೊದಲ ಬಸ್ಸು ಹಿಡಿದು ಶಿಗ್ಗಾವಿಗೆ ಹೋಗಿ, ಅಲ್ಲಿಂದ ಅವಳ ತವರು ಹಿರೇಬೆಂಡಿಗೇರಿ ಮುಟ್ಟಿದೆ. ಅವಳ ತಂಗಿ ಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಂದ ಕಾರಣ ಹೇಳಿದೆ. ಮೊರ ಕೆಳಗಿಟ್ಟಳು.

“ಅಕ್ಕ ಇದ್ದಾಗ ಒಂದು ದಿನ ಕೇಳಲಿಲ್ಲ ಮಾವಾರ. ಈಗ ಸಾಹೇಬ್ರಿಗೆ ಬೇಕಾತು ಅಂತ ಬಸ್ ಹತ್ತಿ ಬಂದೀರೇನು?”

ನಾನು ಮೊರದ ಪಕ್ಕದಲ್ಲೇ ಕುಳಿತೆ. ಚಹಾ ಕೊಟ್ಟ ಮೇಲೆ ಅವಳೇ ಹೇಳಿದಳು. “ಕೆಂಡದ ಮ್ಯಾಲ ಭತ್ತದ ಹೊಟ್ಟು ಹಾಕ್ರಿ. ಉರಿ ಏಳಬಾರದು, ಹೊಗಿ ಅಷ್ಟೇ ಏಳಬೇಕು. ನಡುವ ಒಂದು ತುಣುಕು ಬೆಲ್ಲ. ಹರವಿ ಹಸಿ ಇರಬೇಕು, ಬೋರಲ ಹಾಕ್ರಿ. ಹೊಗಿ ಒಳಗ ಇದ್ದಾಗನ ನೀರು ಸುರೀರಿ.”

“ಬೆಲ್ಲ ಎಷ್ಟು?”

“ಅಕ್ಕ ಏನು ತಕ್ಕಡಿ ಹಿಡಿತಿದ್ಲೇನು? ಆಕಿ ಕೈ ಎಷ್ಟು ಹಿಡೀತಿತ್ತೋ ಅಷ್ಟು.”

ಆ ಸಂಜೆಯೇ ಬೀಜ ಸುರುವಿ, ಹರವಿ ತೊಳೆದು, ಅವಳು ಹೇಳಿದಂತೆ ಮಾಡಿದೆ. ಮೊದಲ ಸಲ ಉರಿ ಎದ್ದು ಬೆಲ್ಲ ಕರಕಲಾಯಿತು. ಮತ್ತೆ ತೊಳೆದೆ. ಎರಡನೇ ಸಲಕ್ಕೆ ಹೊಗೆ ಮಂದವಾಗಿ ಎದ್ದಿತು. ಕಣ್ಣಲ್ಲಿ ನೀರು ಬಂತು, ಹೊಗೆಗೇ ಬಂತೆಂದು ಹೇಳಲಾರೆ.

ಮರುದಿನ ಮಧ್ಯಾಹ್ನ ಆ ನೀರಿಟ್ಟೆ. ಸಾಹೇಬರು ಸಾಧುವಾದ ಲೋಲ್ಯಾಂಡ್ ಬಾಟಲಿಯನ್ನೇ ಆರಿಸಿ, ಒಂದು ಚಮಚ ನೀರು ಹಾಕಿ, ಗ್ಲಾಸಿಗೆ ಮೂಗು ಒಡ್ಡಿದರು. ಕುಡಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದರು.

“ಬಾಗಿಲ ತನಕ ಬಂತೋ, ಫಕ್ಕೀರಪ್ಪ. ಒಳಗ ಬರಲಿಲ್ಲ. ಆದ್ರ ಬಂದದ್ದು ಅಣ್ಣನೇ, ಸುಳ್ಳಲ್ಲ.” ಗ್ಲಾಸು ಕೆಳಗಿಟ್ಟು, “ನಿನ್ನ ಕೈಗುಣ ಇನ್ನೂ ಹೋಗಿಲ್ಲ. ಪುಸ್ತಕ ತಗೊಂಡು ಬಾ, ಇನ್ನೊಂದು ಸಾಲು ಬರೀತೇನಿ,” ಅಂದರು.

ಪುಸ್ತಕ ತಂದೆ. ಹಳೆಯ ಪುಟ ತಾನಾಗಿ ತೆರೆದುಕೊಂಡಿತು. ಅಷ್ಟು ಸಲ ಅದನ್ನು ತೋರಿಸಿದ್ದೆ.

“ಸಾಹೇಬ್ರ, ಆ ಕೈಗುಣ ನಂದಲ್ರಿ. ನಮ್ಮ ಮನಿಯಾಕೀದು. ಹರವಿಗೆ ಹೊಗಿ ಹಾಕತಿದ್ಲು. ಆಕಿ ಈಗ ಇಲ್ಲ. ಅದಕ್ಕ ಒಳಗ ಬರಲಿಲ್ಲ.”

ಅವರು ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದು, “ಹೆಸರೇನು ಆಕೀದು?” ಅಂದರು. ಹೇಳಿದೆ. ಹನ್ನೆರಡು ವರ್ಷದ ಹಿಂದಿನ ಸಾಲಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ‘ನಿಂಗವ್ವ’ ಎಂದು ಬರೆದರು. ಅವಳು ಬದುಕಿದ್ದಾಗ ಅವಳ ಹೆಸರನ್ನು ಯಾರಾದರೂ ಶಾಯಿಯಲ್ಲಿ ಬರೆದದ್ದು ನಾನು ಕಂಡಿರಲಿಲ್ಲ.

ಖಾನಸಾಮನಿಗೆ ಇರಬೇಕಾದದ್ದು ಒಳ್ಳೆಯ ನಾಲಿಗೆ ಎಂದು ಉಸ್ತಾದರು ಹೇಳುತ್ತಿದ್ದರು. ಅದು ಸಾಲದು. ಹೊಗಳಿಕೆ ಬಂದಾಗ ಒಮ್ಮೆ ಹಿಂತಿರುಗಿ ಅಡುಗೆಮನೆಯ ಕಡೆ ನೋಡಬೇಕು. ನಾನು ಅದನ್ನು ತಡವಾಗಿ ಕಲಿತೆ.

ಸಾಹೇಬರ ಗಾಡಿ ಹೋದ ಮೇಲೆ ಹರವಿಯ ತಳದಲ್ಲಿ ಒಂದು ಲೋಟದಷ್ಟು ನೀರು ಉಳಿದಿತ್ತು. ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕುಳಿತೆ. ಅವರು ಕಲಿಸಿದ ಹಾಗೆ ಮೊದಲು ಮೂಗು ಒಡ್ಡಿ, ಆಮೇಲೆ ಒಂದೊಂದೇ ಗುಟುಕು ಕುಡಿದೆ.