ಹಂದಿಗಾಗಿ ಒಂದು ಸ್ನಾನ

ಕಿಡ್ನಿ ಕಲ್ಲಿನ ಡಾಕ್ಟರನ್ನು ಕಟ್ಟಿಕೊಂಡು ಅಷ್ಟು ವರ್ಷ ಬಾಳಿದ ನನಗೆ ಅವರು ತೀರಿಕೊಂಡ ಮೇಲೆ ಕಲ್ಲು ಬಂತು. ನನ್ನ ಸಮಯಪ್ರಜ್ಞೆಯೇ ಹಾಗೆ. ಮೊನ್ನೆ ಅದನ್ನು ತೆಗೆಸಲು ಚೆನ್ನೈನ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ. ಬೆಳಗಿನಿಂದ ಬಾಯಿಗೆ ನೀರೂ ಹಾಕಬಾರದೆಂದು ನರ್ಸಮ್ಮನ ಅಪ್ಪಣೆ. ಕೆಳಗಿನ ಕ್ಯಾಂಟೀನಿಗೆ ಅದು ತಿಳಿಯಬೇಡವೇ? ಇಡ್ಲಿಯ ಹಬೆಯನ್ನು ನೇರ ನನ್ನ ಕಿಟಕಿಗೇ ಕಳಿಸುತ್ತಿತ್ತು. ಆ ವಾಸನೆಗೆ ನನಗೆ ನೆನಪಾದದ್ದು ಒಂದು ಹಂದಿ. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದ ಮದ್ರಾಸು. ನಮ್ಮ ಮಾವನವರು ಉಡುಪಿ ಕಡೆಯಿಂದ ಬಂದು ತಿರುವಲ್ಲಿಕೇಣಿಯಲ್ಲಿ ಹೋಟೆಲಿಟ್ಟವರು. ಮನೆ ಅದರ ಮಹಡಿಯ ಮೇಲೆ. ಅತ್ತೆಯ ತಮ್ಮನಿಗೆ ಕಲ್ಲಾದಾಗ ಪಕ್ಕೆ ಕೊಯ್ದು ತೆಗೆದಿದ್ದರು. ಗಾಯ ಕೀವಾಗಿ ಅವರು ಉಳಿಯಲಿಲ್ಲ. ನಮ್ಮವರು ಮೂತ್ರರೋಗದ ಸರ್ಜನ್ ಆದದ್ದೇ ಆ ಸಾವಿನಿಂದ.

ಕೊಯ್ಯದೆ, ಮೂತ್ರದ ದಾರಿಯಲ್ಲೇ ದುರ್ಬೀನಿನಂಥ ಸಣ್ಣ ಕೊಳವೆ ತೂರಿಸಿ ಕಲ್ಲು ತೆಗೆಯುವ ವಿದ್ಯೆ ಆಗ ಹೊಸತು. ಕೊಳವೆ ತಾಗಿ ನಾಳದೊಳಗೆ ಗೀರಾದರೆ ಅದು ಮಾಯುತ್ತದೆಯೋ, ನಾಳವೇ ಕಟ್ಟಿಹೋಗುತ್ತದೆಯೋ? ಮನುಷ್ಯರ ಮೇಲೆ ನೋಡುವಂತಿಲ್ಲ. ಹಂದಿಯ ಒಳಗು ಹೆಚ್ಚುಕಡಿಮೆ ನಮ್ಮದೇ ಅಂತೆ. ಅದರಲ್ಲೂ ಹೆಣ್ಣೇ ಆಗಬೇಕು. ಗಂಡುಹಂದಿಯ ದಾರಿ ಡೊಂಕು. "ಡೊಂಕಾಗಲು ಹಂದಿಯೇ ಆಗಬೇಕಿಲ್ಲ ಬಿಡಿ" ಎಂದು ನಾನು ಛೇಡಿಸಿದ್ದೆ.

ಊರಂಚಿನ ಗಿಂಡಿ ಕಡೆಯ ಒಂದು ಶೆಡ್ಡಿನಲ್ಲಿ ನಮ್ಮವರು ಪ್ರಯೋಗಕ್ಕೆಂದು ಇಟ್ಟ ಆ ಬಿಳಿ ಹಂದಿ ಇತ್ತು. ಅವರು ಅಲ್ಲಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಬಂದರೆ ಅತ್ತೆ ಮೆಟ್ಟಿಲಲ್ಲೇ ತಡೆಯುವರು. "ಒಳಗೆ ಬರ್ಬೇಡ ಮಾರಾಯ. ಮೊದಲು ಮಿಂದು ಬಾ." ಲಾರಿ ನೀರಿಗೆ ಕೊಡ ಹಿಡಿದು ಬೀದಿಯಲ್ಲಿ ನಿಲ್ಲುತ್ತಿದ್ದ ಕಾಲ, ಮೈಲಿಗೆ ಕಳೆಯಲು ಅವರಿಗೆ ಸಿಗುತ್ತಿದ್ದದ್ದು ಅರ್ಧ ಬಕೆಟ್ ತಣ್ಣೀರು.

ಹಂದಿಗೆ ಕೊಳವೆ ಹಾಕಿ ಒಳಗೆ ಗೀರು ಮಾಡಿದ ದಿನ ಅವರು ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಅತ್ತೆ ಗೋಡೆ ನೋಡಿಕೊಂಡು ಕೇಳಿದರು:

"ಅದು ಹೇಗುಂಟು?"

"ಎದ್ದು ನಿಂತಿದೆ. ತಿನ್ನೂದಿಲ್ಲ ಅಮ್ಮ."

ಮರುದಿನ ಬೆಳಿಗ್ಗೆ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ ಅವರ ಚೀಲದ ಪಕ್ಕದಲ್ಲಿತ್ತು. ಹೋಟೆಲಿನ ಹಳಸಿದ್ದಲ್ಲ, ಮನೆಯ ಹಬೆಯಾಡುವ ಇಡ್ಲಿ. ಹಂದಿಯ ಹೆಸರೆತ್ತಿದರೆ ಕಿವಿ ಮುಚ್ಚುತ್ತಿದ್ದ ನಮ್ಮತ್ತೆ ಆಮೇಲೆ ದಿನಾ ಕೇಳತೊಡಗಿದರು. "ತಿಂದಿತಾ? ಮೂತ್ರ ಸರಿ ಹೋಗ್ತದಾ?" ತಮ್ಮನಿಗೆ ಆಗದ ಬಾಣಂತನವೆಲ್ಲ ಆ ಹಂದಿಗೆ ನಡೆಯಿತೆಂದು ನನಗನಿಸುತ್ತಿತ್ತು. ಅದು ಚೇತರಿಸಿಕೊಂಡಿತು. ನಮ್ಮವರ ಹೆಜ್ಜೆಯ ಸದ್ದಿಗೇ ಬೇಲಿಗೆ ಬರುತ್ತಿತ್ತಂತೆ.

ಒಂದು ಸಂಜೆ ಅವರು ಬಂದು ಮೆಟ್ಟಿಲ ಮೇಲೇ ಕೂತರು.

"ಗಾಯ ಪೂರ್ತಿ ಮಾಯ್ದಿತ್ತು ಅಮ್ಮ. ಗುರುತೇ ಇಲ್ಲ."

ಅತ್ತೆಯ ಮುಖ ಅರಳಿತು. "ದೇವರು ದೊಡ್ಡವ. ನಾಳೆ ಎರಡು ಇಡ್ಲಿ ಹೆಚ್ಚೇ ಕಟ್ಟುವ."

"ನಾಳೆ ಬೇಡ."

"ಎಂತಕ್ಕೆ?"

"ಒಳಗೆ ಮಾಯ್ದಿದೆಯಾ ಅಂತ ನಾಳ ಕೊಯ್ದು ತೆಗೆದೇ ನೋಡಬೇಕಿತ್ತಲ್ಲ ಅಮ್ಮ."

ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅವರು ಎದ್ದು ಹೋಗಿ, ಮನೆಯಲ್ಲಿದ್ದ ಕೊಡಗಳನ್ನೆಲ್ಲ ಹಂಡೆಗೆ ಸುರಿದು ಒಲೆ ಹಚ್ಚಿದರು. ಮಗನನ್ನು ಕೂರಿಸಿ ತಲೆಗೆ ಬಿಸಿನೀರು ಹೊಯ್ದರು. ಆಮೇಲೆ ಹಂದಿಯನ್ನು ಕಣ್ಣಲ್ಲೂ ಕಂಡಿರದ ತಾವೂ ತಲೆಯ ಮೇಲೆ ನೀರು ಸುರಿದುಕೊಂಡರು. ಒದ್ದೆ ಸೀರೆಯಲ್ಲೇ ಬಂದು ನನಗೆ ಹೇಳಿದರು, "ನೀನೂ ಮೀಯು."

ಅದು ಮಡಿಯ ಸ್ನಾನವಲ್ಲವೆಂದು ಆಗ ನನಗೆ ಅರ್ಥವಾಯಿತು. ಮನೆಯವರು ಯಾರಾದರೂ ಹೋದಾಗ ಹಾಗೆ ಎಲ್ಲರೂ ಮೀಯುವುದು. ಬಚ್ಚಲಲ್ಲಿ ನಮ್ಮವರು ಬಿಕ್ಕುತ್ತಿದ್ದುದು ಕೇಳಿಸಿತು.

ಮೊನ್ನೆ ನನ್ನ ಕಲ್ಲು ಕೊಯ್ಯದೆ, ಕೊಳವೆಯಲ್ಲೇ ಹೊರಬಂತು. ಸಂಜೆ ಬಂದ ಎಳೆಯ ಡಾಕ್ಟರಮ್ಮನನ್ನು ಕೇಳಿದೆ, "ಒಳಗೆ ಗೀರಿದ್ದರೆ ಮಾಯುತ್ತದೆಯೇನಮ್ಮ?"

"ಚೆನ್ನಾಗಿ ಮಾಯುತ್ತೆ ಆಂಟಿ. ಅದೆಲ್ಲ ಎಂದೋ ಗೊತ್ತಾಗಿರೋ ವಿಷಯ" ಎಂದು ನಕ್ಕು ಹೋದಳು.

ಹೇಗೆ ಗೊತ್ತಾಯಿತೆಂದು ಅವಳಿಗೆ ಯಾರು ಹೇಳಬೇಕು? ನರ್ಸಮ್ಮ ಇಡ್ಲಿ ತಂದಿಟ್ಟಳು. ಅಷ್ಟು ಹಸಿದಿದ್ದರೂ ಮೊದಲ ಇಡ್ಲಿಯನ್ನು ತಟ್ಟೆಯ ಅಂಚಿಗೆ ಸರಿಸಿದೆ. "ಪುಡಿಕ್ಕಲಿಯಾಮ್ಮಾ?" ಹಿಡಿಸಲಿಲ್ಲವೇ ಎಂದು ಅವಳು ತಮಿಳಿನಲ್ಲಿ ಕೇಳಿದಳು.

"ಅದು ನನ್ನದಲ್ಲ" ಎಂದೆ.