ಮೂರನೇ ಮಹಡಿಯಲ್ಲಿ ಇಳಿದುಹೋದ ಮಾತು

ವಿಶ್ವವಿದ್ಯಾಲಯದ ಕಲಾ ವಿಭಾಗದ ಕಟ್ಟಡಕ್ಕೆ ಆರು ಮಹಡಿ, ಆರಕ್ಕೂ ಒಂದೇ ಲಿಫ್ಟು, ಆ ಲಿಫ್ಟಿಗೆ ಇಪ್ಪತ್ತೆರಡು ವರ್ಷದಿಂದ ಒಬ್ಬನೇ ಧಣಿ. ಕುಲಪತಿಗಳಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ಮೂಲೆಯಲ್ಲೊಂದು ಮುಕ್ಕಾಲಿ, ಗೋಡೆಗೆ ಮಂಕು ಹಿಡಿದ ಕನ್ನಡಿ, ಎಂಟೇ ಜನ ಹತ್ತಬೇಕೆಂಬ ಫಲಕ. ಹತ್ತುತ್ತಿದ್ದವರು ಹನ್ನೊಂದು.

ಐವತ್ತೊಂದನೇ ವಯಸ್ಸಿನಲ್ಲಿ ಲಿಫ್ಟಣ್ಣ ಅದೇ ಕಟ್ಟಡದ ಐದನೇ ಮಹಡಿಯ ಸಂಜೆ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿದ. ಪದವಿಯ ಹೆಸರೇ ಒಂದು ಮೊಳ ಉದ್ದ: ‘ಬಿ.ಎ., ಸೃಜನಶೀಲ ಬರವಣಿಗೆಗೆ ಒತ್ತು’. ಸೇರ್ಪಡೆಯ ಚೀಟಿಯನ್ನು ಹೆಂಡತಿ ಕಿಟಕಿಯ ಬೆಳಕಿಗೆ ಹಿಡಿದು ಓದಿ ಕಿಸಕ್ಕನೆ ನಕ್ಕಳು.

“ಒತ್ತೋದು ಕಲಿಯೋಕೆ ಮೂರು ವರ್ಷ ಬೇಕಾ? ಇಪ್ಪತ್ತೆರಡು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು, ಬಟನ್ನು ಒತ್ತು, ಬಟನ್ನು ಒತ್ತು!”

“ಇದು ಬೇರೆ ಒತ್ತು ಕಣೆ. ಕಥೆ ಬರೆಯೋ ಒತ್ತು.”

“ಒತ್ತಿ, ಒತ್ತಿ. ಮೇಲಕ್ಕೆ ಹೋಗುತ್ತೋ ಕೆಳಕ್ಕೆ ಹೋಗುತ್ತೋ ನೋಡೋಣ.”

ಕಥೆಗೆ ಅವನಲ್ಲಿ ಬರವಿರಲಿಲ್ಲ. ಬೆಳಗಾದರೆ ಕಥೆಗಳೇ ಕಾಲಲ್ಲಿ ನಡೆದು ಬಂದು ಅವನ ಲಿಫ್ಟು ಹತ್ತುತ್ತಿದ್ದವು. ಮಗಳ ಮದುವೆ ಮುರಿದದ್ದು, ಪ್ರಾಧ್ಯಾಪಕರ ಹಲ್ಲುಸೆಟ್ಟು ಕಳೆದದ್ದು, ಅತ್ತೆಗೆ ಸೊಸೆ ಕಲಿಸಿದ ಸೈಕಲ್ಲು, ಎಲ್ಲವೂ ಅವನ ಬೆನ್ನ ಹಿಂದೆ ನಿಂತು ಮಾತಾಡುತ್ತಿದ್ದವು. ಎಡವಟ್ಟು ಇದ್ದದ್ದು ಬೇರೆ ಕಡೆ. ನೆಲದಿಂದ ಆರನೇ ಮಹಡಿಗೆ ಐವತ್ತು ಸೆಕೆಂಡು. ಅಷ್ಟರೊಳಗೆ ಯಾರ ಕಥೆಯೂ ಮುಗಿಯುತ್ತಿರಲಿಲ್ಲ.

ಮೊದಲ ಕಥೆಯನ್ನು ತರಗತಿಯಲ್ಲಿ ಓದಿದ ದಿನ ಪಾಠ ಹೇಳುವ ಮೇಡಮ್ಮು ಕಣ್ಣರಳಿಸಿ ಕೇಳಿದರು, “ಚೆನ್ನಾಗಿದೆ! ಆಮೇಲೇನಾಯ್ತು?”

“ಗೊತ್ತಿಲ್ಲ ಮೇಡಮ್. ನಾಲ್ಕನೇ ಮಹಡಿ ಬಂತು, ಇಳಿದು ಹೋದ್ರು.”

ತರಗತಿ ಬಿದ್ದು ಬಿದ್ದು ನಕ್ಕಿತು. ಅವನ ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ಅಂದಿನಿಂದ, ಯಾರ ಮಾತು ಅರ್ಧಕ್ಕೆ ನಿಂತರೂ “ಮಹಡಿ ಬಂತು!” ಎಂದು ಕೂಗತೊಡಗಿದರು. ಅವನೂ ಅವರ ಜೊತೆ ನಗುತ್ತಿದ್ದ. ಇಪ್ಪತ್ತೆರಡು ವರ್ಷ ಎಲ್ಲರಿಗೂ ಬೆನ್ನು ತೋರಿಸಿ ಕೂತವನಿಗೆ, ಇಪ್ಪತ್ತು ಜನ ತನ್ನ ಮುಖ ನೋಡುತ್ತ ಕಿವಿಗೊಡುವುದೆಂದರೆ ಬಾಯಿಗೆ ಸಕ್ಕರೆ ಹಾಕಿದ ಹಾಗಿತ್ತು.

ಎರಡನೇ ವರ್ಷದ ಕೊನೆಯಲ್ಲಿ ಮೇಡಮ್ಮು ಅವನನ್ನು ಪಕ್ಕಕ್ಕೆ ಕರೆದರು.

“ಲಿಫ್ಟಣ್ಣ, ನಿಮ್ಮ ಹತ್ರ ಹನ್ನೊಂದು ಕಥೆ ಇವೆ. ಹನ್ನೊಂದಕ್ಕೂ ತಲೆ ಇದೆ, ಒಂದಕ್ಕೂ ಕಾಲಿಲ್ಲ. ಒಂದಾದ್ರೂ ಪೂರ್ತಿ ಕಥೆ ಸಮಿತಿ ಮುಂದೆ ಓದ್ಬೇಕು. ಇಲ್ದಿದ್ರೆ ಒತ್ತು ಹೋಗುತ್ತೆ, ಬರೀ ಬಿ.ಎ. ಉಳಿಯುತ್ತೆ.”

ಬರೀ ಬಿ.ಎ. ಎಂದರೆ ಎರಡನೇ ಮಹಡಿಯ ಸಾಮಾನ್ಯ ತರಗತಿ. ಅಲ್ಲಿ ಮೇಷ್ಟ್ರು ಹೇಳಿದ್ದನ್ನು ತಲೆ ತಗ್ಗಿಸಿ ಬರೆದುಕೊಳ್ಳುವುದಷ್ಟೇ ಕೆಲಸ. ಯಾರೂ ಯಾರ ಕಥೆಯನ್ನೂ ಕೇಳುವುದಿಲ್ಲ.

ಆ ವಾರವೇ ಸೀಲಮ್ಮನ ಕಥೆ ಸಿಕ್ಕಿತು. ಸೀಲಮ್ಮ ಮೂರನೇ ಮಹಡಿಯ ಪರೀಕ್ಷಾ ವಿಭಾಗದವಳು. ಅಂಕಪಟ್ಟಿಗೆ ಅವಳು ಸೀಲು ಕುಟ್ಟುವ ಸದ್ದು ಕೆಳಗಿನ ಮಹಡಿಗೂ ಕೇಳುತ್ತಿದ್ದುದರಿಂದ ಆ ಹೆಸರು. ಒಂದು ಬೆಳಿಗ್ಗೆ ಗೆಳತಿಯ ಜೊತೆ ಲಿಫ್ಟು ಹತ್ತಿದವಳು ಬಾಗಿಲು ಮುಚ್ಚುವ ಮೊದಲೇ ಶುರು ಮಾಡಿದಳು.

“ಏಳು ವರ್ಷ ಕಣೇ! ನಾನೂ ನನ್ನ ಓರಗಿತ್ತೀನೂ ಎದುರುಬದುರು ಮನೇಲಿದ್ದು ಮಾತಿಲ್ಲ. ಎಲ್ಲಾ ಒಂದು ಏಣಿ ದೆಸೆಯಿಂದ. ತಗೊಂಡ ಏಣಿ ವಾಪಸ್ ಕೊಡ್ಲಿಲ್ಲ ಅಂತ ನಾನು, ಕೊಟ್ಟಾಯ್ತು ಅಂತ ಅವಳು. ನಿನ್ನೆ ಬಾಗಿಲು ತೆಗೀತೀನಿ, ಏಣಿ ಹೊತ್ಕೊಂಡು ನಿಂತಿದಾಳೆ! ಅಟ್ಟದಲ್ಲಿ ಹಳೇ ಹಾಸಿಗೆ ಹಿಂದೆ ಸಿಕ್ತಂತೆ. ನಾನು ಅವಳ ಮುಖ ನೋಡಿ ಒಂದೇ ಒಂದು ಮಾತು ಅಂದೆ...”

ಗಂಟೆ ಟಿಣ್ ಎಂದಿತು. ಮೂರನೇ ಮಹಡಿ. ಇಬ್ಬರೂ ಇಳಿದುಹೋದರು.

ಆ ಒಂದು ಮಾತು ಯಾವುದು? ಅದು ಕಿವಿಯಲ್ಲಿ ಹೊಕ್ಕ ನೀರಿನಂತೆ ದಿನವಿಡೀ ಗುಳುಗುಳು ಎಂದಿತು. ಐದನೇ ಮಹಡಿಯವರನ್ನು ಆರಕ್ಕೆ ಒಯ್ದ, ಆರನೆಯವರನ್ನು ನೆಲದಲ್ಲೇ ಮರೆತ.

“ಹೋಗಿ ಅವಳನ್ನೇ ಕೇಳ್ಬಿಡಿ,” ಎಂದಳು ಹೆಂಡತಿ.

“ಅದೊಂದು ಆಗಲ್ಲ.” ಕೆಲಸ ಕಲಿಸಿದ ಹಳಬ ಮೊದಲ ದಿನವೇ ಆಣೆ ಹಾಕಿಸಿಕೊಂಡಿದ್ದ: ಲಿಫ್ಟಿನಲ್ಲಿ ಕೇಳಿದ್ದನ್ನು ಕೇಳಿದೆನೆಂದು ತೋರಿಸಿಕೊಳ್ಳಬಾರದು. ಬರೆಯುವಾಗಲೂ ಲಿಫ್ಟಣ್ಣ ಊರು, ಕೆಲಸ, ಮೈಬಣ್ಣ ಎಲ್ಲ ಬದಲಾಯಿಸುತ್ತಿದ್ದ. ಇದರಲ್ಲಿ ಮಾತ್ರ ಏಣಿಯನ್ನು ಬದಲಾಯಿಸಲು ಆಗಲಿಲ್ಲ. ಏಣಿ ತೆಗೆದರೆ ಕಥೆಯೇ ಬಿದ್ದುಹೋಗುತ್ತಿತ್ತು.

“ಹಾಗಾದ್ರೆ ನಾನು ಹೇಳ್ತೀನಿ ಬರ್ಕೊಳ್ಳಿ. ‘ನಮ್ಮ ಏಣಿಗೆ ಒಂಬತ್ತು ಮೆಟ್ಟಿಲಿತ್ತು, ಇದಕ್ಕೆ ಎಂಟೇ ಇದೆಯಲ್ಲ’ ಅಂದಿರ್ತಾಳೆ.”

“ತಮಾಷೆ ಮಾಡ್ಬೇಡ.”

“‘ಈಗ ಬುದ್ಧಿ ಬಂತಾ’ ಅಂದಿರ್ತಾಳೆ.”

“ಇಲ್ಲ.”

“‘ನನ್ನನ್ನ ಕ್ಷಮಿಸು ತಂಗಿ.’”

ಅದನ್ನು ಅವನು ಆಗಲೇ ಬರೆದು ಮೇಡಮ್ಮಿಗೆ ತೋರಿಸಿದ್ದ. “ಇದು ಬೀಳ್ಕೊಡುಗೆ ಭಾಷಣದ ಥರ ಇದೆ,” ಎಂದು ಅವರು ಮೂಗು ಮುರಿದಿದ್ದರು. ಹೆಂಡತಿ ಹೇಳಿದ ಏಳನೆಯ ಮಾತಿಗೆ ಅವನು ರೇಗಿ, “ನಿನಗೆ ಕಥೆ ಅಂದ್ರೇನು ಗೊತ್ತು?” ಎಂದುಬಿಟ್ಟ.

ಅಷ್ಟೇ. ಆಕೆಯ ಬಾಯಿಗೆ ಬೀಗ ಬಿತ್ತು. ತಟ್ಟೆ ಇಟ್ಟ ಸದ್ದೇ ‘ಊಟಕ್ಕೆ ಬನ್ನಿ’, ದೀಪ ಆರಿಸಿದ ಸದ್ದೇ ‘ಮಲಗಿ’. ಮೂರು ದಿನ ಹೀಗೇ ನಡೆಯಿತು. ಅವನು ಹಾಳೆಯ ಮೇಲೆ ಹದಿನಾಲ್ಕು ಕೊನೆ ಬರೆದು ಹದಿನಾಲ್ಕನ್ನೂ ಹೊಡೆದುಹಾಕಿದ.

ನಾಲ್ಕನೇ ದಿನ ಕೆಲಸ ಮುಗಿಸಿ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಮಂಡಿಯೂರಿ ಹಜಾರದ ನೆಲ ಒರೆಸುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತ. ಒಳಗೆ ಹೋಗಲೋ ಬೇಡವೋ ತಿಳಿಯಲಿಲ್ಲ. ಆಕೆ ತಲೆ ಎತ್ತದೆ ಗದರಿದಳು.

“ಚಪ್ಪಲಿ ಅಲ್ಲೇ ಬಿಡಿ! ಈಗಷ್ಟೇ ನೆಲ ಒರೆಸಿದೀನಿ.”

ಲಿಫ್ಟಣ್ಣ ಚಪ್ಪಲಿ ಬಿಟ್ಟ. ಒಂದು ಹೆಜ್ಜೆ ಒಳಗಿಟ್ಟವನು ಗಕ್ಕನೆ ನಿಂತ. ಆಮೇಲೆ ಒದ್ದೆ ನೆಲದ ಮೇಲೆ ಓಡಿಯೇ ಓಡಿದ.

“ಅಯ್ಯೋ, ಹೆಜ್ಜೆ! ಹೆಜ್ಜೆ ಮೂಡಿಸ್ಬೇಡಿ ಅಂದ್ರೆ!”

“ಸಿಕ್ತು ಕಣೇ! ನೀನೇ ಹೇಳ್ದೆ!”

“ನಾನೇನು ಹೇಳ್ದೆ? ನನಗೆ ಕಥೆ ಅಂದ್ರೇನು ಗೊತ್ತು?”

ಅವನು ಆಗಲೇ ಪೆನ್ನು ಹಿಡಿದಾಗಿತ್ತು.

ಓದುವ ದಿನ ಅವನು ಅರ್ಧ ದಿನ ರಜೆ ಹಾಕಿ, ಲಿಫ್ಟನ್ನು ಗೇಟಿನ ಕಾವಲುಗಾರನಿಗೆ ಒಪ್ಪಿಸಿ ಐದನೇ ಮಹಡಿಗೆ ಹೋದ. ಮೇಡಮ್ಮೂ ತರಗತಿಯವರೂ ಎದುರಿನ ಸಾಲುಗಳಲ್ಲಿ, ಸಮಿತಿಯ ಮೂವರು ಮೇಜಿನ ಹಿಂದೆ ಕೂತಿದ್ದರು. ಅವರ ಪಕ್ಕದಲ್ಲಿ, ಮಡಿಲಲ್ಲಿ ಸೀಲಿನ ಡಬ್ಬಿ ಇಟ್ಟುಕೊಂಡು, ಸೀಲಮ್ಮ! ಓದು ಮುಗಿದ ಕೂಡಲೇ ತೀರ್ಮಾನದ ಹಾಳೆಗೆ ಸೀಲು ಒತ್ತಲು ಪರೀಕ್ಷಾ ವಿಭಾಗ ಅವಳನ್ನು ಕಳಿಸಿತ್ತು.

ಓದಿದರೆ ಹಳಬನಿಗೆ ಕೊಟ್ಟ ಮಾತು ಹೋಗುತ್ತದೆ. ಓದದಿದ್ದರೆ ಒತ್ತು ಹೋಗುತ್ತದೆ. ಲಿಫ್ಟಣ್ಣ ಕೊನೆಗೆ ಸಮಿತಿಯನ್ನು ಬಿಟ್ಟು ಸೀದಾ ಅವಳ ಮುಂದೆ ಹೋಗಿ ನಿಂತ.

“ಅಮ್ಮಾ, ತಪ್ಪಾಯ್ತು. ನಾನು ಓದ್ಬೇಕಿರೋದು ನಿಮ್ಮ ಏಣಿ ಕಥೆ. ಲಿಫ್ಟಲ್ಲಿ ಕಿವಿಗೆ ಬಿತ್ತು. ನೀವು ಬೇಡ ಅಂದ್ರೆ ಇಲ್ಲೇ ಹರಿದುಹಾಕ್ತೀನಿ.”

ಸೀಲಮ್ಮ ಹುಬ್ಬು ಗಂಟಿಕ್ಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬಾಗಿಲು ತೆಗೆದು ನಾನೇನೋ ಅಂದೆನಲ್ಲ, ಅದು ಕೇಳಿಸ್ತಾ?”

“ಇಲ್ಲಮ್ಮ. ಮಹಡಿ ಬಂತು.”

“ಹಾಗಾದ್ರೆ ಓದಿ. ನಾನೇನಂದೆ ಅಂತ ನಾನೂ ಕೇಳ್ತೀನಿ.”

ಅವನು ಓದಿದ. ಏಣಿ ಹೊತ್ತು ನಿಂತ ಓರಗಿತ್ತಿ, ಬಾಗಿಲು ತೆಗೆದ ಹೆಂಗಸು, ನಡುವೆ ಏಳು ವರ್ಷ. ಕೊನೆಯ ಸಾಲು ಹೀಗಿತ್ತು: ಆಕೆ ಏಣಿಯನ್ನು ನೋಡಲಿಲ್ಲ, ಕಾಲನ್ನು ನೋಡಿ ಗದರಿದಳು, “ಚಪ್ಪಲಿ ಅಲ್ಲೇ ಬಿಡೇ! ಈಗಷ್ಟೇ ನೆಲ ಒರೆಸಿದೀನಿ.”

ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರುವಾಯಿತು. ಸೀಲಮ್ಮ ಮಾತ್ರ ಸೆರಗಿನಿಂದ ಕನ್ನಡಕ ಒರೆಸುತ್ತ ಕೂತಿದ್ದಳು.

“ನಾನು ಅಂದಿದ್ದು ಇದಲ್ಲ,” ಎಂದಳು. “‘ಯಾರು ಬೇಕಾಗಿತ್ತು?’ ಅಂದೆ. ಗುರುತೇ ಇಲ್ಲದೋರ ಹಾಗೆ. ಲಿಫ್ಟಲ್ಲಿ ಅದನ್ನೇ ದೊಡ್ಡ ಗೆಲುವು ಅಂತ ಹೇಳ್ಕೊಂಡು ಬರ್ತಿದ್ದೆ. ಅವಳು ಏಣೀನ ಗೋಡೆಗೆ ಒರಗಿಸಿ ಸುಮ್ನೆ ಹೊರಟುಹೋದ್ಲು.”

ಸಮಿತಿಯ ಮುಖ್ಯಸ್ಥರು ಬೋಳುತಲೆ ಸವರಿಕೊಂಡರು. “ಹಾಗಾದ್ರೆ ನಿಜ ಏನು ಅಂತ ಗೊತ್ತಾಯ್ತು. ಕೊನೆ ಬದಲಾಯಿಸ್ತೀರೇನ್ರೀ?”

“ಇಲ್ಲ ಸಾರ್. ನನ್ನ ಕಥೆ ಮುಗೀತು. ಅವರದು ಇನ್ನೂ ಮುಗಿದಿಲ್ಲವಲ್ಲ.”

ಮುಖ್ಯಸ್ಥರು ಆಚೀಚೆಯವರ ಮುಖ ನೋಡಿ, ಹಾಳೆಯ ಮೇಲೆ ‘ಒತ್ತು ಮುಂದುವರಿಯಲಿ’ ಎಂದು ಬರೆದರು. ಸೀಲಮ್ಮ ಮೇಜು ಅದುರುವಂತೆ ಸೀಲು ಕುಟ್ಟಿ, ಡಬ್ಬಿಯನ್ನು ಮೇಡಮ್ಮಿನ ಕೈಗೆ ತುರುಕಿ ಎದ್ದಳು.

“ಲಿಫ್ಟಣ್ಣ, ನನ್ನನ್ನ ಕೆಳಗೆ ಬಿಡಿ. ಅವಳು ಇಷ್ಟೊತ್ತಿಗೆ ಮನೇಲಿರ್ತಾಳೆ.”

“ಮೂರರಲ್ಲಿ ನಿಮ್ಮ ಚೀಲ, ಛತ್ರಿ?”

“ಇರ್ಲಿ ಬಿಡಿ, ನಾಳೆ ತಗೋತೀನಿ. ಸೀದಾ ಕೆಳಕ್ಕೆ.”

ಅವನು ಕಾವಲುಗಾರನನ್ನು ಮುಕ್ಕಾಲಿಯಿಂದ ಎಬ್ಬಿಸಿ ತಾನೇ ಬಟನ್ನು ಒತ್ತಿದ. ಮೂರನೇ ಮಹಡಿಯಲ್ಲಿ ಯಾರೋ ಬಾಗಿಲು ಬಡಿಯುತ್ತ ಬೈಯುತ್ತಿದ್ದರು. ಲಿಫ್ಟಣ್ಣ ನಿಲ್ಲಿಸಲಿಲ್ಲ.